ಒತ್ತಡ ಮತ್ತು ಒತ್ತಾಸೆ

ವಿಭಾಗದ ಸ್ಮರಣ ಸಂಪುಟಕ್ಕೆ ಒಂದು ಬರಹ ಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಹಳಗನ್ನಡದ ಯಾವುದಾದರೊಂದು ಪದ್ಯದ ಪಾಠವಿಚಾರವನ್ನೋ, ಕುಂದಾಪುರದಿಂದ ಮುಂಬಯಿಗೆ ಬಂದ ಮೊದಲ ದಿನಗಳ ನೆನಪನ್ನೋ ಬರೆದುಕೊಡುವುದು ನನಗೆ ಸುಲಭವಾಗಿತ್ತು. ಅದನ್ನು ಬಿಟ್ಟು, ನನಗೆ ಯಾವ ಅಧಿಕಾರವೂ ಇಲ್ಲದ ವಸ್ತುವೊಂದನ್ನು ಎತ್ತಿಕೊಂಡಿದ್ದೇನೆ. ದ್ರಾವಣದಲ್ಲಿ ಕರಗಿರುವ ಪಾಲಿಮರುಗಳ ಮೇಲೂ ಕಿಣ್ವಗಳ ಮೇಲೂ ಅತಿಯಾದ ಒತ್ತಡ ಏನು ಮಾಡುತ್ತದೆ ಎಂಬುದು ಆ ವಸ್ತು. ಕನ್ನಡ ಅಧ್ಯಾಪಕನಿಗೆ ಇದರ ಗೊಡವೆ ಏಕೆ ಎಂದು ಓದುಗರು ಕೇಳುವುದು ಸಹಜ. ಒಂದು ಅನುವಾದದಲ್ಲಿ ನಾನು ಮಾಡಿದ ತಪ್ಪು, ಆ ತಪ್ಪನ್ನು ತಿದ್ದಿದವರು ಯಾರು ಎಂಬುದು, ಅದರಿಂದ ನಾನು ಬಹುಕಾಲದಿಂದ ಆಡಿಕೊಂಡು ಬಂದಿದ್ದ ಮಾತೊಂದನ್ನು ಹಿಂತೆಗೆದುಕೊಳ್ಳಬೇಕಾಗಿ ಬಂದುದು, ಇಷ್ಟೇ ಇಲ್ಲಿ ಹೇಳಬೇಕಾಗಿರುವುದು.

ನನ್ನ ಮಗಳು ಹುಟ್ಟಿ ಬೆಳೆದದ್ದು ಮುಂಬಯಿಯಲ್ಲಿ. ಶಾಲೆಯ ಭಾಷೆ ಇಂಗ್ಲಿಷ್, ಬೀದಿಯ ಭಾಷೆ ಹಿಂದಿ ಮತ್ತು ಮರಾಠಿ, ಮನೆಯಲ್ಲಿ ಕುಂದಾಪುರದ ಕನ್ನಡ. ರಸಾಯನ ವಿಜ್ಞಾನದಲ್ಲಿ ಸಂಶೋಧನೆಗೆ ತೊಡಗಿದ ಮೇಲೆ ಅವಳ ದಿನದ ಹೆಚ್ಚಿನ ಮಾತು ಇಂಗ್ಲಿಷಿನಲ್ಲಿಯೇ ನಡೆಯತೊಡಗಿತು. ಹೊರನಾಡ ಕನ್ನಡದ ಕುರಿತು ವೇದಿಕೆಗಳಲ್ಲಿ ಮಾತನಾಡುವಾಗ ನಾನು ಅವಳನ್ನು ಹೆಸರಿಸದೆ ಉದಾಹರಣೆಯಾಗಿ ಬಳಸಿಕೊಂಡದ್ದುಂಟು. ಒಮ್ಮೆ ಒಂದು ಲೇಖನದಲ್ಲಿ, ಮಹಾನಗರದ ಒತ್ತಡದಲ್ಲಿ ನಮ್ಮ ಮನೆಗಳೊಳಗೇ ಕನ್ನಡ ಮುರಿದು ಬೀಳುತ್ತಿದೆ ಎಂದು ಬರೆದಿದ್ದೆ. ಆಗ ಕಣ್ಣ ಮುಂದಿದ್ದವಳು ಅವಳೇ. ಅವಳು ಅದನ್ನು ಓದಿರಲಾರಳು ಎಂದು ನಾನು ಭಾವಿಸಿದ್ದೆ.

ಕನ್ನಡದ ವಿದ್ಯಾರ್ಥಿಗಳಿಗೆ ವಿಜ್ಞಾನದ ಒಂದು ಉಪನ್ಯಾಸ ಕನ್ನಡದಲ್ಲಿಯೇ ಆಗಲಿ ಎಂದು ಕೆಲವು ಗೆಳೆಯರು ಬಯಸಿ ಅವಳನ್ನು ಕೇಳಿದರು. ಅವಳು ಒಪ್ಪಿದ್ದು ನನಗೆ ಆಶ್ಚರ್ಯವಾಯಿತು. ತನ್ನ ಟಿಪ್ಪಣಿಗಳನ್ನು ತಂದು ನನ್ನ ಮೇಜಿನ ಮೇಲಿಟ್ಟು, ಕನ್ನಡಕ್ಕೆ ತರಲು ಸಹಾಯ ಮಾಡಬೇಕೆಂದಳು. ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು. 1918ರಷ್ಟು ಹಿಂದೆಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಪತ್ರಿಕೆಯನ್ನು ನಡೆಸಿದ ಭಾಷೆ ನಮ್ಮದು, ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ವನ್ನು ಒಬ್ಬರೇ ಕುಳಿತು ಬರೆದ ಭಾಷೆ. ಹತ್ತು ಹದಿನೈದು ಪುಟಗಳ ಟಿಪ್ಪಣಿ ನನಗೆ ಒಂದು ಲೆಕ್ಕವೇ ಎಂದುಕೊಂಡು ಎರಡೇ ದಿನಗಳಲ್ಲಿ ಮುಗಿಸಿಕೊಟ್ಟೆ.

ಮೊದಲ ಪುಟದಲ್ಲಿಯೇ ಎರಡು ತಪ್ಪುಗಳಿದ್ದವು. ಒತ್ತಡದಿಂದ ಆಹಾರ ಬೇಯುವುದಕ್ಕೆ ಕುಕ್ಕರಿನ ಉದಾಹರಣೆಯನ್ನು ನಾನಾಗಿಯೇ ಸೇರಿಸಿದ್ದೆ. ಅವಳು ನಕ್ಕಳು. ಸಮುದ್ರಮಟ್ಟದಲ್ಲಿ ಗಾಳಿಯು ನಮ್ಮ ಮೇಲೆ ಹೇರುವ ಒತ್ತಡವನ್ನು ಒಂದು ವಾಯುಭಾರ ಎಂದಿಟ್ಟುಕೊಂಡರೆ, ಸೀಟಿ ಕೂಗುವ ಕುಕ್ಕರಿನೊಳಗೆ ಇರುವುದು ಸುಮಾರು ಎರಡು ವಾಯುಭಾರ ಮಾತ್ರ. ಅಲ್ಲಿ ಅಕ್ಕಿಯನ್ನು ಬೇಯಿಸುವುದು ಒತ್ತಡವಲ್ಲ. ಆ ಒತ್ತಡದಿಂದಾಗಿ ನೀರು ಸುಮಾರು 120 ಡಿಗ್ರಿಯವರೆಗೆ ಕುದಿಯದೆ ಉಳಿಯುವುದರಿಂದ ದೊರೆಯುವ ಹೆಚ್ಚಿನ ಬಿಸಿ. ಅವಳ ಅಧ್ಯಯನದ ಒತ್ತಡ ನೂರು, ಸಾವಿರ ವಾಯುಭಾರಗಳದು. ಅಲ್ಲಿ ಒಲೆಯೇ ಇಲ್ಲ.

ಎರಡನೆಯ ತಪ್ಪು ಗಂಭೀರವಾದದ್ದು. ‘ಒತ್ತಡದಲ್ಲಿ ಪ್ರೋಟೀನು ಮುರಿಯುತ್ತದೆ’ ಎಂದು ಬರೆದಿದ್ದೆ. ಅವಳು ಆ ಸಾಲಿನ ಮೇಲೆ ಬೆರಳಿಟ್ಟು, “ಮುರೂದಲ್ಲ ಅಪ್ಪಯ್ಯ, ಬಿಚ್ಕಂಬ್ದ್” ಎಂದಳು. ಆಮೇಲೆ, ಸ್ವಲ್ಪ ತಡೆದು, “ನೀವು ಲೇಖನದಲ್ಲೂ ಇದೇ ಶಬ್ದ ಬರೆದದ್ದಲ್ದಾ” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಉತ್ತರ ಕೊಡಲಿಲ್ಲ; ಕೊಡುವುದಕ್ಕೆ ಉತ್ತರವೂ ಇರಲಿಲ್ಲ. ಅಂದಿನಿಂದ ಅನುವಾದವನ್ನು ನಾವಿಬ್ಬರೂ ಒಟ್ಟಿಗೆ ಕುಳಿತು ಮೊದಲಿನಿಂದ ಮಾಡಿದೆವು. ಆ ಸಂಜೆಗಳಲ್ಲಿ ಕಲಿತದ್ದನ್ನು ನನಗೆ ತಿಳಿದಷ್ಟು ಮಟ್ಟಿಗೆ ಇಲ್ಲಿ ನಿರೂಪಿಸುತ್ತೇನೆ.

ಕತೆ ಆರಂಭವಾಗುವುದು ಒಂದು ಕೋಳಿಮೊಟ್ಟೆಯಿಂದ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಪರ್ಸಿ ಬ್ರಿಜ್‌ಮನ್ ಅಧಿಕ ಒತ್ತಡದ ಅಧ್ಯಯನಕ್ಕಾಗಿಯೇ 1946ರಲ್ಲಿ ನೊಬೆಲ್ ಪುರಸ್ಕಾರ ಪಡೆದವನು. ಒತ್ತಡ ಹೆಚ್ಚಿದಷ್ಟೂ ತಾನಾಗಿಯೇ ಇನ್ನಷ್ಟು ಬಿಗಿಯಾಗುವ ಒಂದು ಬಗೆಯ ಮುಚ್ಚಳವನ್ನು ಅವನು ರೂಪಿಸಿದ್ದ. ಅದರಿಂದಾಗಿ ಅದುವರೆಗೆ ಯಾರೂ ಮುಟ್ಟದಿದ್ದ ಒತ್ತಡಗಳು ಅವನ ಕೈಗೆ ಬಂದವು. 1914ರಲ್ಲಿ ಅವನು ಮೊಟ್ಟೆಯ ಬಿಳಿಯ ಭಾಗವನ್ನು ಉಕ್ಕಿನ ಉರುಳೆಯೊಳಗಿಟ್ಟು ಸುಮಾರು 7000 ವಾಯುಭಾರಗಳ ಒತ್ತಡಕ್ಕೆ ಒಳಪಡಿಸಿದುದನ್ನು ವರದಿ ಮಾಡಿದ. ಹೊರತೆಗೆದಾಗ ಅದು ಬೇಯಿಸಿದ ಮೊಟ್ಟೆಯಂತೆ ಗಟ್ಟಿಯಾಗಿತ್ತು. ಬಿಸಿ ತಾಗಿರಲಿಲ್ಲ. ಇನ್ನೂ ವಿಚಿತ್ರವೆಂದರೆ, ತಣ್ಣಗಿದ್ದಷ್ಟೂ ಅದು ಸುಲಭವಾಗಿ ಹೆಪ್ಪುಗಟ್ಟುವಂತೆ ತೋರಿತು. ಬಿಸಿಯಿಂದ ಬೇಯುವ ವಸ್ತುವಿಗೆ ಇದು ತಲೆಕೆಳಗಾದ ನಡತೆ.

ಇದು ಹೇಗೆ? ನಮ್ಮ ಊರಿನ ಶಾವಿಗೆ ಒತ್ತುವ ಮಣೆಯನ್ನು ನೆನೆದು, ಒತ್ತಡವೆಂದರೆ ಮೇಲಿನಿಂದ ಅದುಮುವುದು ಎಂದು ನಾನು ತಿಳಿದಿದ್ದೆ. ಹಿಟ್ಟನ್ನು ಒಂದು ಕಡೆಯಿಂದ ಒತ್ತಿದರೆ ಅದು ಇನ್ನೊಂದು ಕಡೆಯ ತೂತುಗಳಿಂದ ಎಳೆಯಾಗಿ ಹೊರಬರುತ್ತದೆ. ನೀರಿನೊಳಗಿನ ಒತ್ತಡ ಹಾಗಲ್ಲ. ಅದು ಎಲ್ಲ ದಿಕ್ಕುಗಳಿಂದಲೂ ಸಮನಾಗಿ ಬರುತ್ತದೆ. ತಪ್ಪಿಸಿಕೊಳ್ಳುವ ತೂತೇ ಇಲ್ಲ. ಹಾಗಾಗಿ ವಸ್ತು ಚಪ್ಪಟೆಯಾಗುವುದಿಲ್ಲ. ಹಾಗಾದರೆ ಏನಾಗುತ್ತದೆ ಎಂಬುದಕ್ಕೆ ಫ್ರಾನ್ಸಿನ ಲ ಶಾತೆಲಿಯೆ 1884ರಲ್ಲಿ ಮಂಡಿಸಿದ ಸೂತ್ರ ದಾರಿ ತೋರಿಸುತ್ತದೆ: ಸಮತೋಲದಲ್ಲಿರುವ ವ್ಯವಸ್ಥೆಯ ಮೇಲೆ ಒತ್ತಡ ಹೇರಿದರೆ ಅದು ಕಡಿಮೆ ಜಾಗ ಹಿಡಿಯುವ ಸ್ಥಿತಿಯ ಕಡೆಗೆ ವಾಲುತ್ತದೆ.

ಪ್ರೋಟೀನೆಂದರೆ ಅಮೈನೊ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಉದ್ದನೆಯ ಸರ. ಆ ಸರವು ನಿರ್ದಿಷ್ಟ ರೀತಿಯಲ್ಲಿ ಮಡಿಸಿಕೊಂಡು ಉಂಡೆಯಾದಾಗ ಮಾತ್ರ ತನ್ನ ಕೆಲಸ ಮಾಡುತ್ತದೆ. ಮಡಿಕೆ ಎಷ್ಟೇ ಅಚ್ಚುಕಟ್ಟಾಗಿದ್ದರೂ ಒಳಗೆ ಅಲ್ಲಲ್ಲಿ ಸಣ್ಣ ಸಣ್ಣ ಬರಿದಾದ ಎಡೆಗಳು ಉಳಿಯುತ್ತವೆ. ಒತ್ತಡ ಏರಿದಾಗ ಸುತ್ತಲಿನ ನೀರು ಆ ಎಡೆಗಳೊಳಗೆ ನುಗ್ಗುತ್ತದೆ. ಉಂಡೆ ಸಡಿಲವಾಗಿ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಂಡ ಸರವೂ ನೀರೂ ಸೇರಿ ಹಿಡಿಯುವ ಒಟ್ಟು ಜಾಗ ಮೊದಲಿಗಿಂತ ತುಸುವೇ ಕಡಿಮೆ. ಆ ತುಸುವಿಗಾಗಿಯೇ ಇಷ್ಟೆಲ್ಲ ನಡೆಯುತ್ತದೆ. ಬಿಸಿಯು ಪ್ರೋಟೀನನ್ನು ಅಲುಗಾಡಿಸಿ ಬಿಚ್ಚಿದರೆ, ಒತ್ತಡವು ನೀರನ್ನು ಒಳನುಗ್ಗಿಸಿ ಬಿಚ್ಚುತ್ತದೆ.

ಇಲ್ಲಿ ನೆನಪಿಡಬೇಕಾದ ಸಂಗತಿಯೊಂದಿದೆ. ಮಣಿಗೂ ಮಣಿಗೂ ನಡುವಿನ ರಾಸಾಯನಿಕ ಬಂಧ ಈ ಒತ್ತಡಗಳಲ್ಲಿ ಕಡಿಯುವುದಿಲ್ಲ. ಸರ ಸರವಾಗಿಯೇ ಇರುತ್ತದೆ; ಮಣಿಗಳ ಕ್ರಮವೂ ಬದಲಾಗುವುದಿಲ್ಲ. ಕೆಡುವುದು ಮಡಿಕೆ ಮಾತ್ರ. ಹಲವು ಉಂಡೆಗಳು ಕೂಡಿ ಆದ ಪ್ರೋಟೀನುಗಳು ಸಾಮಾನ್ಯವಾಗಿ 1000ದಿಂದ 3000 ವಾಯುಭಾರಗಳೊಳಗೆ ಬೇರೆ ಬೇರೆಯಾಗುತ್ತವೆ. ಒಂಟಿ ಉಂಡೆ ಬಿಚ್ಚಿಕೊಳ್ಳಲು ಅನೇಕ ವೇಳೆ 4000ಕ್ಕೂ ಹೆಚ್ಚು ಬೇಕು. ಇದೇ ಕಾರಣದಿಂದ ಹಣ್ಣಿನ ರಸವನ್ನು ಸುಮಾರು 6000 ವಾಯುಭಾರಗಳಿಗೆ ಒಡ್ಡಿದರೆ ಅದರಲ್ಲಿರುವ ಬಹುತೇಕ ಸೂಕ್ಷ್ಮಜೀವಿಗಳು ಸಾಯುತ್ತವೆ, ಆದರೆ ಬಣ್ಣ, ಪರಿಮಳ, ಜೀವಸತ್ವಗಳ ಸಣ್ಣ ಅಣುಗಳು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತವೆ. ಹೀಗೆ ಸಂಸ್ಕರಿಸಿದ ಜಾಮ್ 1990ರಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ಬಂತು. ಇಂದು ಇಂತಹ ಹಣ್ಣಿನ ರಸಗಳು ನಮ್ಮ ನಗರದಲ್ಲೂ ಸಿಗುತ್ತವೆ. ‘ಮುರಿಯುತ್ತದೆ’ ಎಂಬ ನನ್ನ ಕ್ರಿಯಾಪದ ಎಷ್ಟು ದೊಡ್ಡ ಅಪಚಾರವೆಂಬುದು ನನಗೆ ಆಗ ತಿಳಿಯಿತು.

ಒಂದು ಶನಿವಾರ ಅವಳು ನನ್ನನ್ನು ಪ್ರಯೋಗಾಲಯಕ್ಕೆ ಕರೆದೊಯ್ದಳು. ಅಂಗೈಯಗಲದ ಉಕ್ಕಿನ ದಿಮ್ಮಿ, ಅದರೊಳಗೆ ಬೆರಳು ತೂರುವಷ್ಟು ಕುಹರ, ಎರಡು ಬದಿಗೂ ದಪ್ಪನೆಯ ನೀಲಮಣಿಯ ಕಿಟಕಿಗಳು. ಅದರಲ್ಲಿ ಅವಳು ತುಂಬಿದ್ದು ಪ್ರೋಟೀನನ್ನಲ್ಲ, ಅದರ ಸರಳ ಪ್ರತಿರೂಪದಂತಿರುವ ಒಂದು ಕೃತಕ ಪಾಲಿಮರನ್ನು. ಪಾಲಿ-ಎನ್-ಐಸೊಪ್ರೊಪೈಲ್ ಅಕ್ರಿಲಮೈಡ್ ಎಂಬ ಅದರ ಹೆಸರನ್ನು ನಾನು ಮೂರು ಸಲ ಹೇಳಿಸಿಕೊಂಡು ಬರೆದುಕೊಂಡೆ. ಅದರ ಗುಣ ವಿಶೇಷವಾದದ್ದು. ಸಕ್ಕರೆ ಬಿಸಿನೀರಿನಲ್ಲಿ ಬೇಗ ಕರಗುವುದನ್ನು ನಾವು ಬಲ್ಲೆವು. ಇದು ತಣ್ಣೀರಿನಲ್ಲಿ ಕರಗಿ, ಸುಮಾರು 32 ಡಿಗ್ರಿ ದಾಟಿದೊಡನೆ ನೀರನ್ನು ಬಿಟ್ಟು ಮುದುಡಿಕೊಳ್ಳುತ್ತದೆ. ತಿಳಿಯಾದ ದ್ರಾವಣ ಹಾಲಿನಂತೆ ಬೆಳ್ಳಗಾಗುತ್ತದೆ.

ಅವಳು ಉಷ್ಣತೆಯನ್ನು ಆ ಗಡಿಗಿಂತ ಸ್ವಲ್ಪವೇ ಮೇಲಕ್ಕೆ ನಿಲ್ಲಿಸಿದಳು. ಕಿಟಕಿ ಬೆಳ್ಳಗಾಯಿತು. ಬಳಿಕ ಪಂಪಿನ ಹಿಡಿಯನ್ನು ಮೆಲ್ಲನೆ ತಿರುಗಿಸುತ್ತ ಹೋದಳು. ಒತ್ತಡ ಕೆಲವು ನೂರು ವಾಯುಭಾರ ತಲುಪುತ್ತಿದ್ದಂತೆ ಹಾಲು ಕರಗಿ ನೀರು ಮತ್ತೆ ತಿಳಿಯಾಯಿತು. ಮುದುಡಿದ್ದ ಎಳೆಗಳು ಒತ್ತಡದಲ್ಲಿ ಅರಳಿ ನೀರಿನೊಂದಿಗೆ ಬೆರೆತಿದ್ದವು. ಸಾವಿರವನ್ನು ದಾಟಿ ಇನ್ನೂ ಮೇಲೇರಿಸಿದಾಗ ಮಸುಕು ತಿರುಗಿ ಬಂತು. ಒತ್ತಡ ಒಂದು ಹಂತದವರೆಗೆ ಮಾಡಿದ ಕೆಲಸವನ್ನು ಆ ಹಂತದಾಚೆಗೆ ತಾನೇ ಅಳಿಸಿಹಾಕಿತ್ತು. ಪ್ರೋಟೀನುಗಳ ವಿಷಯದಲ್ಲೂ ಇಂಥದ್ದೇ ಬಾಗಿದ ಗೆರೆಯೊಂದಿದೆ ಎಂದು ಅವಳು ಕಾಗದದ ಮೇಲೆ ಓರೆಯಾದ ದೀರ್ಘವೃತ್ತವೊಂದನ್ನು ಬರೆದು ತೋರಿಸಿದಳು. 1971ರಲ್ಲಿ ಹಾಲೆ ಎಂಬ ವಿಜ್ಞಾನಿ ವಿವರಿಸಿದ ಆಕೃತಿ ಅದು. ಒಂದು ಅಕ್ಷದಲ್ಲಿ ಉಷ್ಣತೆ, ಇನ್ನೊಂದರಲ್ಲಿ ಒತ್ತಡ. ವೃತ್ತದ ಒಳಗಿದ್ದರೆ ಪ್ರೋಟೀನು ಮಡಿಕೆಯಲ್ಲಿರುತ್ತದೆ. ಅತಿಯಾದ ಬಿಸಿ, ಅತಿಯಾದ ತಂಪು, ಅತಿಯಾದ ಒತ್ತಡ, ಯಾವ ಕಡೆಯಿಂದ ಗೆರೆ ದಾಟಿದರೂ ಬಿಚ್ಚಿಕೊಳ್ಳುತ್ತದೆ. ಆದರೆ ವೃತ್ತ ಓರೆಯಾಗಿರುವುದರಿಂದ, ಬಿಸಿಯ ಅಂಚಿನಲ್ಲಿ ನಿಂತ ಕೆಲವು ಪ್ರೋಟೀನುಗಳನ್ನು ಮಿತವಾದ ಒತ್ತಡವು ಗೆರೆಯೊಳಗೇ ಹಿಡಿದು ನಿಲ್ಲಿಸಬಲ್ಲದು.

ಕಿಣ್ವಗಳು ಪ್ರೋಟೀನುಗಳೇ ಆದುದರಿಂದ ಇವೆಲ್ಲ ಅವುಗಳಿಗೂ ಅನ್ವಯಿಸುತ್ತವೆ. ಈ ಶಬ್ದದ ಬಗ್ಗೆ ಮಾತ್ರ ನಾನು ಅವಳಿಗೆ ಏನನ್ನಾದರೂ ಕಲಿಸಲು ಸಾಧ್ಯವಾಯಿತು. ‘ಕಿಣ್ವ’ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರೆಯನ್ನು ಹುಳಿಯೇರಿಸುವ ಹೆಪ್ಪಿನ ಹೆಸರು. ಜಡಭೂತಗಳ ಸಂಯೋಗದಿಂದಲೇ ಚೈತನ್ಯ ಹುಟ್ಟುತ್ತದೆ ಎಂದು ವಾದಿಸಿದ ಚಾರ್ವಾಕರು ಕೊಟ್ಟ ದೃಷ್ಟಾಂತವೂ ಕಿಣ್ವದಿಂದ ಮೂಡುವ ಮದಶಕ್ತಿಯೇ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ವಿಲ್ಹೆಲ್ಮ್ ಕ್ಯೂನೆ ‘ಎನ್‌ಜೈಮ್’ ಎಂಬ ಪದವನ್ನು ಗ್ರೀಕಿನಿಂದ ಕಟ್ಟಿದಾಗ ಅದಕ್ಕಿದ್ದ ಅರ್ಥ ‘ಹೆಪ್ಪಿನೊಳಗಿರುವುದು’ ಎಂದು. ನಮ್ಮ ಪದ ಅದರ ನೆರಳಲ್ಲ, ಅದಕ್ಕಿಂತ ಹಳೆಯದು. ಅವಳು ಇದನ್ನು ತನ್ನ ಟಿಪ್ಪಣಿಯಲ್ಲಿ ಬರೆದುಕೊಂಡಾಗ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ.

ಒತ್ತಡ ಎಲ್ಲ ಕಿಣ್ವಗಳನ್ನೂ ಕುಗ್ಗಿಸುವುದಿಲ್ಲ. ಕ್ರಿಯೆಯ ನಡುವಿನ ಕಷ್ಟದ ಘಟ್ಟದಲ್ಲಿ ಒಟ್ಟು ಗಾತ್ರ ಕಡಿಮೆಯಾಗುವುದಾದರೆ ಒತ್ತಡ ಆ ಕ್ರಿಯೆಯನ್ನು ವೇಗಗೊಳಿಸುತ್ತದೆ, ಹೆಚ್ಚುವುದಾದರೆ ತಡೆಯುತ್ತದೆ. ನಮ್ಮ ಕರುಳಿನಲ್ಲಿ ಪ್ರೋಟೀನನ್ನು ಜೀರ್ಣಿಸುವ ಕೈಮೊಟ್ರಿಪ್ಸಿನ್ ಪ್ರಯೋಗಾಲಯದ ಅಧಿಕ ಒತ್ತಡದಲ್ಲಿ ಚುರುಕಾಗುತ್ತದೆ. 1942ರಲ್ಲಿ ಅಮೆರಿಕದ ಜಾನ್ಸನ್, ಬ್ರೌನ್ ಮತ್ತು ಮಾರ್ಸ್‌ಲ್ಯಾಂಡ್ ಎಂಬ ಮೂವರು ಬೆಳಕು ಬೀರುವ ಬ್ಯಾಕ್ಟೀರಿಯಾಗಳ ಮೇಲೆ ಪ್ರಯೋಗ ನಡೆಸಿದರು. ಹೆಚ್ಚು ಬಿಸಿಯಾದಾಗ ಅವುಗಳ ಬೆಳಕು ಮಂಕಾಗುತ್ತಿತ್ತು. ಆ ಬಿಸಿಯಲ್ಲೇ ಕೆಲವು ನೂರು ವಾಯುಭಾರಗಳ ಒತ್ತಡ ಹೇರಿದಾಗ ಬೆಳಕು ಮರಳಿತು. ತಂಪಿನಲ್ಲಿದ್ದಾಗ ಹೇರಿದರೆ ಅದೇ ಒತ್ತಡ ಬೆಳಕನ್ನು ತಗ್ಗಿಸಿತು. ಒತ್ತಡ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ, ಅದು ತಾಗಿದ ಜೀವ ಆ ಹೊತ್ತಿಗೆ ಯಾವ ಸ್ಥಿತಿಯಲ್ಲಿತ್ತು ಎಂಬುದನ್ನು ಬಿಟ್ಟು ಉತ್ತರವಿಲ್ಲ.

ಒತ್ತಡ ಪ್ರಯೋಗಾಲಯದ ಸೃಷ್ಟಿಯಲ್ಲ ಎಂಬುದನ್ನು ಕರಾವಳಿಯವನಾದ ನಾನು ಮೊದಲೇ ಊಹಿಸಬೇಕಿತ್ತು. ಸಮುದ್ರದಲ್ಲಿ ಪ್ರತಿ ಹತ್ತು ಮೀಟರ್ ಆಳಕ್ಕೆ ಸುಮಾರು ಒಂದು ವಾಯುಭಾರ ಏರುತ್ತದೆ. 1960ರ ಜನವರಿ 23ರಂದು ಜಾಕ್ ಪಿಕಾರ್ ಮತ್ತು ಡಾನ್ ವಾಲ್ಶ್ ಇಳಿದ ಮರಿಯಾನಾ ಕಂದಕದ ತಳದಲ್ಲಿ ಅದು ಸಾವಿರವನ್ನು ಮೀರುತ್ತದೆ. ಆ ಆಳದಲ್ಲೂ ಜೀವಿಗಳಿವೆ. 2022ರಲ್ಲಿ ಜಪಾನಿನ ಬಳಿಯ ಕಂದಕವೊಂದರಲ್ಲಿ 8336 ಮೀಟರ್ ಆಳದಲ್ಲಿ ಈಜುತ್ತಿದ್ದ ಮೀನೊಂದನ್ನು ಕ್ಯಾಮೆರಾ ಸೆರೆಹಿಡಿಯಿತು. ಇಂಥ ಮೀನುಗಳು ತಮ್ಮ ಪ್ರೋಟೀನುಗಳ ಮಡಿಕೆ ಕೆಡದಂತೆ ಕಾಪಾಡಿಕೊಳ್ಳುವುದಕ್ಕೆ ಟ್ರೈಮಿಥೈಲಮೈನ್ ಆಕ್ಸೈಡ್ ಎಂಬ ಸಣ್ಣ ಅಣು ನೆರವಾಗುತ್ತದೆ. ಅದು ನೀರನ್ನು ಪ್ರೋಟೀನಿನೊಳಗೆ ಸುಲಭವಾಗಿ ನುಗ್ಗಗೊಡುವುದಿಲ್ಲ. ಮೀನು ವಾಸಿಸುವ ಆಳ ಹೆಚ್ಚಿದಂತೆ ಅದರ ಮೈಯಲ್ಲಿ ಈ ಅಣುವಿನ ಪ್ರಮಾಣವೂ ಹೆಚ್ಚುತ್ತದೆ.

ಕಡಲಿನ ಮೇಲ್ಪದರದ ಮೀನುಗಳಲ್ಲೂ ಇದು ಸ್ವಲ್ಪ ಪ್ರಮಾಣದಲ್ಲಿದೆ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಈ ಅಣುವನ್ನು ಟ್ರೈಮಿಥೈಲಮೈನ್ ಆಗಿ ಮಾರ್ಪಡಿಸುತ್ತವೆ. ಗಂಗೊಳ್ಳಿಯ ಬಂದರಿನಲ್ಲಿ, ಇಲ್ಲಿ ಕೊಲಾಬಾದ ಸಸೂನ್ ಡಾಕಿನಲ್ಲಿ, ನಮ್ಮ ಮೂಗಿಗೆ ಬಡಿಯುವ ವಾಸನೆ ಬಹುಮಟ್ಟಿಗೆ ಅದರದೇ. ಅಮ್ಮ ಮೀನು ತೊಳೆದ ಕೈಗೆ ಹುಣಸೆಹುಳಿ ಉಜ್ಜಿಕೊಳ್ಳುತ್ತಿದ್ದುದು ನೆನಪಾಯಿತು. ಆ ಅಮೈನು ಕ್ಷಾರಗುಣದ್ದು. ಹುಳಿ ಸೇರಿದರೆ ಹಾರಿಹೋಗದ ಲವಣವಾಗುತ್ತದೆ, ವಾಸನೆ ಅಡಗುತ್ತದೆ. ಮುಂಬಯಿಗೆ ಬಂದ ಹೊಸದರಲ್ಲಿ, ಊರಿನಿಂದ ಬಂದ ನಮ್ಮ ಬಟ್ಟೆಗಳಿಗೂ ಈ ವಾಸನೆ ಅಂಟಿದೆಯೇನೋ ಎಂದು ನಾನು ಅಳುಕುತ್ತಿದ್ದುದುಂಟು. ಒತ್ತಡದಲ್ಲಿ ಜೀವವನ್ನು ಹಿಡಿದಿಟ್ಟುಕೊಳ್ಳುವ ವಸ್ತುವಿನ ಶೇಷವೇ ಅದೆಂದು ಆಗ ಯಾರಾದರೂ ಹೇಳಿದ್ದರೆ ಅಷ್ಟು ಅಳುಕುತ್ತಿರಲಿಲ್ಲವೇನೋ.

ಅನುವಾದ ಮುಗಿಯುವ ಹೊತ್ತಿಗೆ ‘ಒತ್ತಡ’ ಎಂಬ ಪದವೇ ನನ್ನನ್ನು ಕಾಡತೊಡಗಿತ್ತು. ‘ಒತ್ತು’ ಎಂಬುದು ಕನ್ನಡದಲ್ಲಿ ಅದುಮುವ ಕ್ರಿಯೆ. ಅಕ್ಷರದ ಅಡಿಯಲ್ಲಿ ಇನ್ನೊಂದು ಅಕ್ಷರ ರೂಪ ಕಿರಿದಾಗಿಸಿಕೊಂಡು ನಿಂತರೆ ಅದೂ ಒತ್ತು. ರೂಪ ಬದಲಾದರೂ ಅದರ ಉಚ್ಚಾರ ಅಳಿಯುವುದಿಲ್ಲ. ಪಕ್ಕದಲ್ಲಿ ಆತುಕೊಂಡಿರುವುದೂ ಒತ್ತಿಗಿರುವುದೇ. ಬಿದ್ದವನಿಗೆ ಕೊಡುವ ಆಸರೆ ಒತ್ತಾಸೆ. ಒಂದೇ ಧಾತುವಿನ ಸುತ್ತ ನಮ್ಮ ಹಿರಿಯರು ಅದುಮುವುದನ್ನೂ ಆನಿಸಿ ನಿಲ್ಲಿಸುವುದನ್ನೂ ಇರಿಸಿದ್ದಾರೆ. ಮಗಳ ದೀರ್ಘವೃತ್ತದಲ್ಲಿ ನಾನು ಕಂಡದ್ದು ಈ ಎರಡೂ ಅರ್ಥಗಳನ್ನು.

ಉಪನ್ಯಾಸದ ದಿನ ನಾನು ಕೊನೆಯ ಸಾಲಿನಲ್ಲಿ ಕುಳಿತಿದ್ದೆ. ಅವಳ ಕನ್ನಡ ಗ್ರಂಥಸ್ಥವಾಗಿರಲಿಲ್ಲ. ಅಲ್ಲಲ್ಲಿ ಕುಂದಾಪುರ ಇಣುಕುತ್ತಿತ್ತು, ಎರಡು ಮೂರು ಕಡೆ ಮರಾಠಿಯ ಶಬ್ದ ನುಸುಳಿತು, ವಿಭಕ್ತಿಯೊಂದು ತಪ್ಪಿತು. ಹಿಂದೆಯಾಗಿದ್ದರೆ ನಾನು ಅವನ್ನೇ ಎಣಿಸುತ್ತ ಕುಳಿತಿರುತ್ತಿದ್ದೆ. ಆ ದಿನ ಕೇಳಿದ್ದು, ಕಷ್ಟವಾದ ವಿಷಯವೊಂದನ್ನು ಕನ್ನಡದಲ್ಲಿ ಯೋಚಿಸಿ ಹೇಳುತ್ತಿದ್ದ ದನಿಯನ್ನು. ನೀರು ಒಳಗೆ ಬಂದಿತ್ತು, ನಿಜ. ಮಣಿಗಳ ಸರ ಕಡಿದಿರಲಿಲ್ಲ.

ಕೊನೆಯಲ್ಲಿ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: “ಒತ್ತಡ ತೆಗೆದ ಮೇಲೆ ಅದು ಮೊದಲಿನ ಹಾಗೆ ಆಗುತ್ತದೆಯೇ ಮೇಡಂ?” ಆ ಪ್ರಶ್ನೆಗೆ ಮಗಳು ಕೊಟ್ಟ ಉತ್ತರವನ್ನು ನಾನು ನನ್ನ ಅನುಕೂಲಕ್ಕೆ ತಕ್ಕಂತೆ ತಿರುಚಬಾರದು. ತೆಳುವಾದ ದ್ರಾವಣದಲ್ಲಿ, ಒತ್ತಡ ಅತಿಯಾಗದಿದ್ದರೆ, ಅನೇಕ ಪ್ರೋಟೀನುಗಳು ತಾವಾಗಿಯೇ ಮತ್ತೆ ಮಡಿಸಿಕೊಂಡು ಕೆಲಸ ಆರಂಭಿಸುತ್ತವೆ ಎಂದಳು. ಬ್ರಿಜ್‌ಮನ್ನನ ಮೊಟ್ಟೆ ಮಾತ್ರ ಮರಳಲಿಲ್ಲ. ಅಲ್ಲಿ ಬಿಚ್ಚಿಕೊಂಡ ಸರಗಳು ಒತ್ತೊತ್ತಾಗಿದ್ದುದರಿಂದ ಒಂದಕ್ಕೊಂದು ತೊಡರಿಕೊಂಡು ಹೆಪ್ಪುಗಟ್ಟಿದವು. ಹಿಂತಿರುಗಬಲ್ಲ ಒಂದು ಅವಧಿಯಿದೆ, ಅದು ಮುಗಿಯುವುದೂ ಉಂಟು.

ಪ್ರೋಟೀನು ಭಾಷೆಯಲ್ಲ, ಉಪಮೆಯನ್ನು ಶಾಸ್ತ್ರವೆಂದು ಭ್ರಮಿಸುವ ವಯಸ್ಸು ನನ್ನದಲ್ಲ. ಹೊರನಾಡಿನಲ್ಲಿ ಕನ್ನಡ ಕಲಿಯಬರುವವರ ಬಗ್ಗೆ ನಮ್ಮ ವಿಭಾಗಗಳಿಗಿರುವ ಆತಂಕ ಸುಳ್ಳೆಂದೂ ನಾನು ಹೇಳುತ್ತಿಲ್ಲ. ಮರಳಬಲ್ಲ ಅವಧಿ ಮುಗಿಯುವುದುಂಟೆಂದು ಮಗಳೇ ಹೇಳಿದ್ದಾಳೆ. ನಾನು ಹಿಂತೆಗೆದುಕೊಳ್ಳುತ್ತಿರುವುದು ‘ಮುರಿದು ಬೀಳುತ್ತಿದೆ’ ಎಂಬ ಕ್ರಿಯಾಪದವೊಂದನ್ನು ಮಾತ್ರ. ಆ ಲೇಖನ ಮುಂದೆಂದಾದರೂ ಮರುಮುದ್ರಣವಾದರೆ ಅಲ್ಲಿ ‘ಬಿಚ್ಚಿಕೊಳ್ಳುತ್ತಿದೆ’ ಎಂದಿರಲಿ. ಮುರಿದುದಕ್ಕೆ ಮರುಗುವುದಷ್ಟೇ ಉಳಿದಿರುತ್ತದೆ. ಬಿಚ್ಚಿಕೊಂಡದ್ದಕ್ಕೆ ಒತ್ತಾಸೆಯಾಗಿ ನಿಲ್ಲುವುದು ಸಾಧ್ಯ, ಅವಧಿ ಮುಗಿಯುವ ಮೊದಲು. ಅಂದು ಮನೆಗೆ ಮರಳುವಾಗ ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ, “ವಿಭಕ್ತಿ ಎಲ್ಲಿ ತಪ್ಪಿದ್ದು ಅಪ್ಪಯ್ಯ?” ಎಂದು ಅವಳೇ ಕೇಳಿದಳು. ಹೇಳಿಕೊಟ್ಟೆ.